ಹೊಸ ಸಾಧನದ ಬಿಡುಗಡೆ ಮತ್ತು ಮಾಧ್ಯಮ ಸಂಪರ್ಕ: ಪ್ರಶ್ನೋತ್ತರ

ಪ್ರಶ್ನೆ: ನಮ್ಮದು ಸಣ್ಣ ಸಂಸ್ಥೆ. ಎದುರಿನವರ ಮಾತನ್ನು ಆಗಿಂದಾಗಲೇ ಅನುವಾದಿಸಿ ಕೇಳಿಸುವ ಇಯರ್‌ಫೋನ್ ತಯಾರಿಸುತ್ತಿದ್ದೇವೆ. ಮಾರಾಟಕ್ಕೆ ಇನ್ನೂ ಏಳೆಂಟು ತಿಂಗಳು ಬೇಕು. ದೊಡ್ಡ ಕಂಪನಿಗಳೂ ಈ ಕ್ಷೇತ್ರದಲ್ಲಿರುವುದರಿಂದ, ‘ವಿಶ್ವದಲ್ಲೇ ಮೊದಲು’ ಎಂದು ಈಗಲೇ ಘೋಷಿಸಿಬಿಡುವುದು ಜಾಣತನವಲ್ಲವೇ?

ಉತ್ತರ: ‘ವಿಶ್ವದಲ್ಲೇ ಮೊದಲು’ ಎಂಬುದನ್ನು ಮೊದಲು ಅಳಿಸಿಹಾಕಿ. ವೇವರ್ಲಿ ಲ್ಯಾಬ್ಸ್ 2016ರಲ್ಲೇ ಇಂಥದ್ದೊಂದು ಸಾಧನಕ್ಕೆ ಸಾರ್ವಜನಿಕರಿಂದ ಹಣ ಸಂಗ್ರಹಿಸಿತ್ತು, ಗೂಗಲ್ 2017ರಲ್ಲಿ ಪಿಕ್ಸೆಲ್ ಬಡ್ಸ್ ಜೊತೆಗೆ ಅನುವಾದದ ಸೌಲಭ್ಯವನ್ನು ತೋರಿಸಿತ್ತು, 2025ರಲ್ಲಿ ಆಪಲ್ ತನ್ನ ಏರ್‌ಪಾಡ್ಸ್‌ಗೂ ಅದನ್ನು ತಂದಿತು. ತಂತ್ರಜ್ಞಾನದ ಬಗ್ಗೆ ಬರೆಯುವವರಿಗೆ ಇದೆಲ್ಲ ಗೊತ್ತಿರುತ್ತದೆ. ಪ್ರಕಟಣೆಯ ಮೊದಲ ಸಾಲೇ ಸುಳ್ಳೆಂದು ಕಂಡರೆ ಉಳಿದ ಸಾಲುಗಳನ್ನು ಅವರು ಅದೇ ಅನುಮಾನದಿಂದ ಓದುತ್ತಾರೆ. ಯಾವ ಎರಡು ಭಾಷೆಗಳ ನಡುವೆ, ಎಷ್ಟು ಗದ್ದಲದಲ್ಲಿ, ಎಷ್ಟು ತಡವಾಗಿ ಅನುವಾದ ಕೇಳಿಸುತ್ತದೆ ಎಂಬುದನ್ನು ಅಳೆದು ಹೇಳಿದರೆ ಸುದ್ದಿ ಚಿಕ್ಕದಾಗಬಹುದು, ಆದರೆ ಅದನ್ನು ಅಲ್ಲಗಳೆಯಲು ಯಾರಿಂದಲೂ ಆಗದು.

ಇನ್ನು ಸಮಯದ ವಿಚಾರ. ಐಫೋನನ್ನು 2007ರ ಜನವರಿ 9ರಂದು ತೋರಿಸಿ ಜೂನ್ 29ರಂದು ಮಾರಾಟಕ್ಕಿಟ್ಟ ಉದಾಹರಣೆಯನ್ನು ಬೇಗ ಘೋಷಿಸಬಯಸುವ ಎಲ್ಲರೂ ಕೊಡುತ್ತಾರೆ. ಆದರೆ ಅಮೆರಿಕದ ಸಂಪರ್ಕ ನಿಯಂತ್ರಣ ಆಯೋಗಕ್ಕೆ ಅರ್ಜಿ ಸಲ್ಲಿಸಿದರೆ ವಿಷಯ ಹೇಗೂ ಬಯಲಾಗುತ್ತದೆ, ಅದಕ್ಕಿಂತ ತಾವೇ ಹೇಳುವುದು ಲೇಸು ಎಂದು ಸ್ಟೀವ್ ಜಾಬ್ಸ್ ಅದೇ ವೇದಿಕೆಯಲ್ಲಿ ಕಾರಣ ಕೊಟ್ಟಿದ್ದರು. ಅದೇ ಆಪಲ್ 2017ರ ಸೆಪ್ಟೆಂಬರಿನಲ್ಲಿ ಏರ್‌ಪವರ್ ಎಂಬ ಚಾರ್ಜಿಂಗ್ ಹಾಸನ್ನು ಘೋಷಿಸಿ, ತನ್ನ ಗುಣಮಟ್ಟಕ್ಕೆ ಅದು ಬರುವುದಿಲ್ಲವೆಂದು 2019ರ ಮಾರ್ಚ್‌ನಲ್ಲಿ ಕೈಬಿಡಬೇಕಾಯಿತು. ಅಂಥ ಮುಜುಗರವನ್ನು ಆಪಲ್ ಅರಗಿಸಿಕೊಂಡಿತು. ಒಂದೇ ಉತ್ಪನ್ನವನ್ನು ನಂಬಿರುವ ನಿಮಗೆ ಅದು ಸಾಧ್ಯವಾಗದು. ಕಾರ್ಖಾನೆಯಿಂದ ಹೊರಬಂದ ಸಾಧನವನ್ನು ವಿಮರ್ಶಕರ ಕೈಗೆ ಕೊಡುವ ಸ್ಥಿತಿ ಬರುವವರೆಗೆ ಕಾಯಬೇಕೆಂಬುದು ನನ್ನ ಸಲಹೆ. ದೊಡ್ಡ ಕಂಪನಿಗಳ ಕಾರ್ಯಕ್ರಮವಿರುವ ವಾರವನ್ನಂತೂ ಬಿಟ್ಟುಬಿಡಿ.

ಪ್ರಶ್ನೆ: ಬಿಡುಗಡೆಯ ದಿನದವರೆಗೆ ಬರೆಯಬಾರದೆಂಬ ಎಂಬಾರ್ಗೊ ಷರತ್ತನ್ನು ಪತ್ರಕರ್ತರು ಪಾಲಿಸುತ್ತಾರೆಯೇ?

ಉತ್ತರ: ಮೊದಲೇ ಒಪ್ಪಿಕೊಂಡಿದ್ದರೆ ಬಹುಮಟ್ಟಿಗೆ ಪಾಲಿಸುತ್ತಾರೆ. ಒಪ್ಪಿಗೆ ಕೇಳದೆ ಇಮೇಲಿನ ನೆತ್ತಿಯ ಮೇಲೆ ‘ಎಂಬಾರ್ಗೊ’ ಎಂದು ಬರೆದು ಎಲ್ಲ ವಿವರವನ್ನೂ ಕಳುಹಿಸಿದರೆ ಅದರಿಂದ ಯಾರೂ ಬದ್ಧರಾಗುವುದಿಲ್ಲ. ದಿನದ ಜೊತೆಗೆ ಗಂಟೆಯನ್ನೂ ಕಾಲವಲಯವನ್ನೂ ಸ್ಪಷ್ಟಪಡಿಸಿ.

ಪ್ರಶ್ನೆ: ವಿಮರ್ಶಕರಿಗೆ ಸಾಧನವನ್ನು ಮುಂಚಿತವಾಗಿ ಕೊಡುವುದು ಅಪಾಯವಲ್ಲವೇ? ವೇದಿಕೆಯ ಮೇಲೆ ನಾವೇ ಪ್ರಾತ್ಯಕ್ಷಿಕೆ ಕೊಟ್ಟರೆ ಎಲ್ಲವೂ ನಮ್ಮ ಹತೋಟಿಯಲ್ಲಿರುತ್ತದೆ.

ಉತ್ತರ: ಪ್ರಾತ್ಯಕ್ಷಿಕೆಯೂ ಅಷ್ಟೊಂದು ಹತೋಟಿಯಲ್ಲಿರುವುದಿಲ್ಲ. 2023ರ ಫೆಬ್ರುವರಿಯಲ್ಲಿ ಗೂಗಲ್ ತನ್ನ ಬಾರ್ಡ್ ಚಾಟ್‌ಬಾಟ್‌ನ ಪ್ರಚಾರಕ್ಕೆ ಆರಿಸಿಕೊಂಡ ಉತ್ತರದಲ್ಲೇ ಜೇಮ್ಸ್ ವೆಬ್ ದೂರದರ್ಶಕದ ಬಗ್ಗೆ ತಪ್ಪು ಮಾಹಿತಿಯಿತ್ತು. ಅದು ಬೆಳಕಿಗೆ ಬಂದ ದಿನ ಮಾತೃಸಂಸ್ಥೆ ಆಲ್ಫಾಬೆಟ್‌ನ ಷೇರು ಮೌಲ್ಯ ಸುಮಾರು 10,000 ಕೋಟಿ ಡಾಲರ್‌ನಷ್ಟು ಕುಸಿಯಿತು. ನಿಮ್ಮ ಪ್ರಾತ್ಯಕ್ಷಿಕೆಯ ಪ್ರತಿ ವಾಕ್ಯವನ್ನೂ ಆಯಾ ಭಾಷೆ ಬಲ್ಲ, ಆದರೆ ನಿಮ್ಮ ತಂಡಕ್ಕೆ ಸೇರದ ಒಬ್ಬರಿಂದ ಪರೀಕ್ಷಿಸಿಕೊಳ್ಳಿ.

ಮುಂಚಿತವಾಗಿ ಕೊಡುವುದರಲ್ಲಿ ಅಪಾಯವಿದೆ ಎಂಬ ಮಾತು ನಿಜ. 2019ರ ಏಪ್ರಿಲ್‌ನಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಫೋಲ್ಡ್ ಎಂಬ ಮಡಚುವ ಫೋನನ್ನು ವಿಮರ್ಶಕರಿಗೆ ಕೊಟ್ಟಾಗ ಕೆಲವರ ಪರದೆಗಳು ಕೆಟ್ಟವು. ಪರದೆಯ ಭಾಗವೇ ಆಗಿದ್ದ ತೆಳುಪದರವನ್ನು ಸಾಮಾನ್ಯ ರಕ್ಷಣಾ ಹಾಳೆಯೆಂದು ಭಾವಿಸಿ ಕೆಲವರು ಕಿತ್ತುಹಾಕಿದ್ದರು. ಏಪ್ರಿಲ್ 26ಕ್ಕೆ ನಿಗದಿಯಾಗಿದ್ದ ಬಿಡುಗಡೆಯನ್ನು ಕಂಪನಿ ಮುಂದೂಡಿ, ಆ ಪದರದ ಅಂಚುಗಳನ್ನು ಚೌಕಟ್ಟಿನೊಳಕ್ಕೆ ಸೇರಿಸಿ, ಸೆಪ್ಟೆಂಬರಿನಲ್ಲಿ ಮಾರಾಟ ಆರಂಭಿಸಿತು. ನನ್ನ ದೃಷ್ಟಿಯಲ್ಲಿ ಆ ಮುಂಗಡ ವಿಮರ್ಶೆಗಳಿಂದ ಕಂಪನಿಗೆ ಲಾಭವೇ ಆಯಿತು, ಏಕೆಂದರೆ ದುಡ್ಡು ಕೊಟ್ಟ ಸಾವಿರಾರು ಗ್ರಾಹಕರ ಕೈಯಲ್ಲಿ ಅದೇ ದೋಷ ಕಾಣಿಸಿಕೊಂಡಿದ್ದರೆ ಪ್ರಕರಣ ಅಷ್ಟಕ್ಕೆ ಮುಗಿಯುತ್ತಿರಲಿಲ್ಲ. ಆದ್ದರಿಂದ ವಿಮರ್ಶಕರಿಗೆ ಕಳುಹಿಸುವ ಪೆಟ್ಟಿಗೆಯಲ್ಲಿ ಒಂದು ಪುಟದ ಸೂಚನೆಯಿರಲಿ. ಯಾವುದನ್ನು ಮಾಡಬಾರದು, ಯಾವ ಸೌಲಭ್ಯ ಇನ್ನೂ ಅಪೂರ್ಣವಾಗಿದೆ, ತೊಡಕಾದರೆ ಯಾವ ಎಂಜಿನಿಯರನ್ನು ಸಂಪರ್ಕಿಸಬೇಕು ಎಂಬುದು ಅದರಲ್ಲಿರಬೇಕು. ದೌರ್ಬಲ್ಯವನ್ನು ನೀವೇ ಹೇಳಿದ್ದರೆ ಅದು ವಿಮರ್ಶೆಯ ನಡುವೆ ಒಂದು ವಾಕ್ಯವಾಗಿ ಬರುತ್ತದೆ. ಅವರೇ ಕಂಡುಹಿಡಿದರೆ ತಲೆಬರಹವಾಗುತ್ತದೆ.

ಪ್ರಶ್ನೆ: ಇಷ್ಟಾದರೂ ಕಟುವಾದ ವಿಮರ್ಶೆ ಬಂದರೆ?

ಉತ್ತರ: ಬೆಲೆ, ಬ್ಯಾಟರಿಯ ಅವಧಿಯಂಥ ಸಂಗತಿಗಳು ತಪ್ಪಾಗಿದ್ದರೆ ತಿದ್ದುಪಡಿ ಕೇಳಿ; ಅಭಿಪ್ರಾಯವನ್ನು ಬದಲಿಸಿರೆಂದು ಕೇಳಬೇಡಿ, ಆ ಇಮೇಲೇ ಮರುದಿನದ ಸುದ್ದಿಯಾದೀತು. ದೋಷ ನಿಜವಾಗಿದ್ದರೆ ಸಾಫ್ಟ್‌ವೇರ್ ಪರಿಷ್ಕರಣೆ ಸಿದ್ಧವಾದ ಮೇಲೆ ಅದೇ ವಿಮರ್ಶಕರಿಗೆ ತಿಳಿಸಿ, ಮತ್ತೊಮ್ಮೆ ಪರೀಕ್ಷಿಸುವಂತೆ ಆಹ್ವಾನಿಸಿ.