‘ಸರ್ವೈವರ್ಸ್ ಗಿಲ್ಟ್’ಗೆ ‘ಅಪರಾಧಿಪ್ರಜ್ಞೆ’ ಸರಿಹೋಗುತ್ತದೆಯೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ಚಿತ್ರದುರ್ಗದಿಂದ ನಮಸ್ಕಾರ.

ಬಂಡೆ ಹತ್ತುವ ಹುಡುಗರಿಗೆಂದು ಒಂದು ಕರಪತ್ರ ಬರೆಯುತ್ತಿದ್ದೇನೆ. ಜ್ಯೋತಿರಾಜ್ ಅವರು ಕೋಟೆ ಗೋಡೆ ಏರುವುದನ್ನು ಕಂಡ ಊರು ನಮ್ಮದು, ಹತ್ತುವ ಹುಮ್ಮಸ್ಸಿಗೆ ಇಲ್ಲಿ ಬರವಿಲ್ಲ. ಹಗ್ಗ, ಗಂಟು, ಪ್ರಥಮ ಚಿಕಿತ್ಸೆ ಎಲ್ಲ ಬರೆದಾಯಿತು. ಜೊತೆಗಾರ ಸತ್ತು ತಾನು ಬದುಕಿದವನ ಮನಸ್ಸಿನ ವಿಷಯಕ್ಕೆ ಬಂದಾಗ ‘ಸರ್ವೈವರ್ಸ್ ಗಿಲ್ಟ್’ (ತಾನು ಮಾತ್ರ ಬದುಕಿದೆನಲ್ಲ ಎಂದು ತನ್ನನ್ನೇ ದೂಷಿಸಿಕೊಳ್ಳುವ ಭಾವ) ಎಂಬ ಇಂಗ್ಲಿಷ್ ಮಾತಿಗೆ ತಕ್ಕ ಕನ್ನಡ ಪದ ಸಿಗದೆ ನಿಂತುಬಿಟ್ಟಿದ್ದೇನೆ.

‘ಅಪರಾಧಿಪ್ರಜ್ಞೆ’, ‘ಪಾಪಪ್ರಜ್ಞೆ’ ಎರಡೂ ಬಳಕೆಯಲ್ಲಿವೆ. ಆದರೆ ಇಲ್ಲಿ ಅಪರಾಧ ಎಲ್ಲಿದೆ? 1999ರ ಅಕ್ಟೋಬರಿನಲ್ಲಿ ಟಿಬೆಟ್ಟಿನ ಶಿಶಾಪಾಂಗ್ಮಾ ಪರ್ವತದಲ್ಲಿ ಹಿಮ ಕುಸಿದಾಗ ಒಂದು ಕಡೆ ಓಡಿದ ಅಮೆರಿಕದ ಪರ್ವತಾರೋಹಿ ಕಾನ್ರಾಡ್ ಆಂಕರ್ ಉಳಿದರು. ಇನ್ನೊಂದು ಕಡೆ ಓಡಿದ ಅವರ ಜೊತೆಗಾರರು ಅಲೆಕ್ಸ್ ಲೋ, ಡೇವಿಡ್ ಬ್ರಿಡ್ಜಸ್ ಹೋಗಿಬಿಟ್ಟರು. ಅವರ ದೇಹ ಸಿಕ್ಕಿದ್ದು 2016ರಲ್ಲಿ. ಆಂಕರ್ ಈ ಸಂಕಟವನ್ನು ಬಾಯಿಬಿಟ್ಟು ಹೇಳಿಕೊಂಡವರು. ಅವರದು ತಪ್ಪಲ್ಲ, ಆದರೂ ನೋವು ತಪ್ಪಿನ ರೂಪದಲ್ಲೇ ಕಾಡುತ್ತದೆ.

ನನಗೆ ಗೊತ್ತಿರುವ ಒಬ್ಬ ಹುಡುಗನ ಕಣ್ಣೆದುರೇ ಅವನ ಗೆಳೆಯ ಬಿದ್ದು ತೀರಿಕೊಂಡ. ಆ ಹುಡುಗ ಹೇಳುತ್ತಿದ್ದುದು ಒಂದೇ ಮಾತು: “ನಾನ್ಯಾಕೆ ಉಳ್ಕಂಡೆ?” ‘ಉಳಿದೆ’ ಅನ್ನಲಿಲ್ಲ, ‘ಉಳ್ಕಂಡೆ’ ಅಂದ. ‘ಕೊಳ್ಳು’ ಸೇರಿದಾಗ ಕ್ರಿಯೆ ತನ್ನ ಕಡೆ ತಿರುಗುತ್ತದೆ: ಬೇಯಿಸಿಕೊಂಡ, ಇಟ್ಟುಕೊಂಡ, ಹಾಗೆಯೇ ಉಳಿದುಕೊಂಡ. ಏನನ್ನೋ ತನಗಾಗಿ ಎತ್ತಿಟ್ಟುಕೊಂಡೆನೆಂಬ ಭಾವ ಆ ‘ಕೊಳ್ಳು’ವಿನಲ್ಲೇ ಇದೆ ಅನ್ನಿಸುತ್ತದೆ. ಸಮಾಧಾನ ಹೇಳಲು ಬಂದವರು “ನೀನಾದ್ರೂ ತಪ್ಪಿಸ್ಕಂಡೆ ಬಿಡಪ್ಪ” ಎಂದರು. ಸದುದ್ದೇಶದ ಮಾತೇ. ಆದರೆ ಕೆಲಸಗಳ್ಳನಿಗೂ ನಾವು ‘ತಪ್ಪಿಸಿಕೊಂಡ’ ಅನ್ನುತ್ತೇವಲ್ಲ! ಅವನು ಎದ್ದು ಒಳಗೆ ಹೋದ. ಕರಪತ್ರದಲ್ಲಿ ಈ ಮಾತು ಬೇಡವೆಂದು ಬರೆಯುವುದಂತೂ ಖಚಿತ.

‘ಕೊರಗು’ ನನಗೆ ಹಿಡಿಸುತ್ತದೆ, ಅದು ಯಾರನ್ನೂ ಕಟಕಟೆಗೆ ಎಳೆಯುವುದಿಲ್ಲ. ಆದರೆ ಮಕ್ಕಳಿಲ್ಲದ ಕೊರಗು, ಸೋತ ಕೊರಗು ಎಂದು ಎಲ್ಲದಕ್ಕೂ ಅದೇ ಪದ. ‘ಉಳಿಗೊರಗು’ ಎಂದು ಸಮಾಸ ಮಾಡಿದರೆ ಕಲ್ಲುಕುಟಿಗರ ಉಳಿ ನೆನಪಾಗುತ್ತದೆ. ಸದ್ಯಕ್ಕೆ ‘ಉಳಿದುಕೊಂಡವರ ಕೊರಗು’ ಎಂದು ಬರೆದಿಟ್ಟಿದ್ದೇನೆ. ಉದ್ದವಾಯಿತು, ಆದರೆ ‘ಕೊಂಡ’ವನ್ನು ಬಿಡಲು ಮನಸ್ಸಿಲ್ಲ.

ಒಂದೇ ದೋಣಿಯಲ್ಲಿ ಹೋಗಿ ಒಬ್ಬನೇ ಮರಳಿದವನಿಗೆ, ಬಾವಿ ತೋಡುವಾಗ ಮಣ್ಣು ಕುಸಿದು ಒಬ್ಬನೇ ಮೇಲೆ ಬಂದವನಿಗೆ ಕರಾವಳಿಯಲ್ಲಿ, ದಾವಣಗೆರೆ ಸೀಮೆಯಲ್ಲಿ ಏನನ್ನುತ್ತಾರೆ? ಅವರು ತಮ್ಮ ಬಗ್ಗೆ ತಾವೇ ಬಳಸಿದ ಮಾತು ಕೇಳಿದ್ದರೆ, ಉಚ್ಚಾರಣೆ ಇದ್ದಂತೆಯೇ ಬರೆದು ಕಳಿಸಿ.