ಹುಬ್ಬಳ್ಳಿ–ಅಂಕೋಲಾ ರೈಲು ಮೊದಲಾ, ಘಟ್ಟದ ರಸ್ತೆ ಮೊದಲಾ?

ಕೋಡಿಬಾಗ_ಕಾರವಾರ:
ರಾಜ್ಯ ಸರ್ಕಾರ ನಮ್ಮ ಉತ್ತರ ಕನ್ನಡ ಜಿಲ್ಲೇಲಿ ರಸ್ತೆ, ರೈಲು ಅಂತ ದುಡ್ಡು ಹಾಕೋದಾದ್ರೆ ಮೊದ್ಲು ಯಾವ್ದಕ್ಕೆ ಹಾಕ್ಬೇಕು? ನಾನಂತೂ ಹುಬ್ಬಳ್ಳಿ–ಅಂಕೋಲಾ ರೈಲು ಅಂತೇನೆ. 90ರ ದಶಕದಿಂದ ಕೇಳ್ತಾ ಬಂದದ್ದೇ ಬಂತು. ಕಾರವಾರದಲ್ಲಿ ಬಂದರಿದೆ, ಆದ್ರೆ ಘಟ್ಟದ ಮೇಲಿಂದ ನೇರ ರೈಲಿಲ್ಲ, ಲಾರಿ ಟ್ಯಾಂಕರ್ ಎಲ್ಲ ಅರಬೈಲ್ ಘಟ್ಟ ಹತ್ತಿಳೀಬೇಕು. ಸರಕು ಬಂದ್ರೆ ಗೋದಾಮು ಬರ್ತದೆ, ಗೋದಾಮು ಬಂದ್ರೆ ಕೆಲಸ ಬರ್ತದೆ. ಡಿಗ್ರಿ ಮುಗ್ಸಿದ ಹುಡುಗ್ರು ಗೋವಾಕ್ಕೆ ಹೋಗೋದು ಇನ್ನೆಷ್ಟು ವರ್ಷ?

ತೋಟಿಗ_ಶಿರಸಿ:
ರೈಲು ಬೇಡ ಅನ್ನೋದಿಲ್ಲ ಮಾರಾಯ್ರೆ, ಇರೋ ರಸ್ತೆ ಮೊದ್ಲು ಮುಗೀಲಿ. ಶಿರಸಿ–ಕುಮಟಾ ದೇವಿಮನೆ ಘಟ್ಟದ ಕೆಲಸ ಎಷ್ಟು ವರ್ಷದಿಂದ ನಡೀತಾ ಇದ್ದು ನೋಡಿ. ಬಂದ್ ಆದಾಗ ಸಿದ್ದಾಪುರ, ಮಾವಿನಗುಂಡಿ, ಗೇರಸೊಪ್ಪ ಸುತ್ತಿ ಇಳೀಬೇಕು. ನಮ್ಮ ತೋಟಕ್ಕೆ ಅಡಿಕೆ ಕೊನೆ ಕೊಯ್ಯೋರು ಬರೋದು ಘಟ್ಟದ ಕೆಳಗಿಂದ, ರಸ್ತೆ ಬಂದ್ ಅಂದ್ರೆ ಅವ್ರು ಬರೋದಿಲ್ಲ, ಅಡಿಕೆ ಮರದಲ್ಲೇ ಹಣ್ಣಾಗ್ತದೆ, ಹಣ್ಣಾದ್ರೆ ಬೇಯಿಸಿ ಕೆಂಪಡಿಕೆ ಮಾಡೋ ಹಾಗಿಲ್ಲ, ಒಣಗಿಸಿ ಸುಲಿದು ಚಾಲಿಗೇ ಹಾಕ್ಬೇಕು. ರಸ್ತೆಯಿಂದ ಆದಾಯ ಹೋಗೋದು ಅಂದ್ರೆ ಇದೇ.

ಅಂಕೋಲಾ_ಮೀನು:
ನಮ್ಮ ಅಂಕೋಲಾದ ಶಿರೂರು ಮರ್ತೋಯ್ತಾ ಎಲ್ಲರಿಗೂ? 2024 ಜುಲೈ 16ಕ್ಕೆ ಗುಡ್ಡ ಕುಸಿದು ರಸ್ತೆ ಬದಿ ಚಾ ಅಂಗಡಿ, ಅಲ್ಲಿದ್ದ ಜನ, ನಿಂತ ಲಾರಿ ಎಲ್ಲ ಹೋಯ್ತು. ಮೂರು ವಾರ ಕಳೀತಿದ್ದಂಗೆ ಆಗಸ್ಟ್ 7ಕ್ಕೆ ಕಾಳಿ ನದಿ ಹಳೇ ಸೇತುವೆ ಬಿತ್ತು, ಅದ್ರ ಮೇಲೆ ಲಾರಿ ಇತ್ತು, ಡ್ರೈವರ್ ಬದುಕಿದ್ದು ಪುಣ್ಯ. ನಾವು ಮೀನಿನ ಬಾಕ್ಸಿಗೆ ಐಸು ಲೆಕ್ಕ ಹಾಕೇ ತುಂಬಿರ್ತೇವೆ. ಘಟ್ಟದಲ್ಲಿ ನಾಲ್ಕು ತಾಸು ಗಾಡಿ ನಿಂತ್ರೆ ಅಡಿಯ ಬಂಗಡೆ ಹೊಟ್ಟೆ ಒಡೀತದೆ, ಹುಬ್ಬಳ್ಳಿ ಮಾರ್ಕೆಟ್ಟಲ್ಲಿ ಅರ್ಧ ರೇಟ್ ಕೇಳ್ತಾರೆ.

ಸಿವಿಲ್_ಕುಮಟಾ:
ರಸ್ತೆ ಅಗಲ ಮಾಡೋಕೆ ಗುಡ್ಡದ ಬುಡಾನೇ ನೆಟ್ಟಗೆ ಕಡಿದ್ರೆ ಮೇಲಿನ ಮಣ್ಣಿಗೆ ಆಧಾರ ಎಲ್ಲಿ? ನಮ್ಮ ಜಂಬಿಟ್ಟಿಗೆ ಮಣ್ಣು ನೀರು ಕುಡಿದ್ರೆ ಭಾರ ಆಗ್ತದೆ, ಹಿಡಿತ ಬಿಡ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಡೀಬೇಕು, ಗುಡ್ಡದ ತಲೆ ಮೇಲೇ ಕಾಲುವೆ ತೋಡಿ ನೀರು ಬೇರೆ ಕಡೆ ಬಿಡ್ಬೇಕು, ಗೋಡೆ ಕಟ್ಟಿದ್ರೆ ನೀರು ಹೊರಬರೋಕೆ ತೂತು ಇಡ್ಬೇಕು. ಕೊಂಕಣ ರೈಲ್ವೆಲೂ ಗುಡ್ಡ ಜಾರ್ತಿತ್ತು, ಅವ್ರು ಇಳಿಜಾರು ತಗ್ಗಿಸಿದ್ರು, ಬಲೆ ಹಾಕಿದ್ರು, ಮಳೆಗಾಲಕ್ಕೆ ಬೇರೆ ಟೈಮ್‌ಟೇಬಲ್ ಮಾಡಿ ಸ್ಪೀಡ್ ಇಳಿಸ್ತಾರೆ, ಹಳಿ ಮೇಲೆ ಗಸ್ತು ತಿರುಗ್ತಾರೆ. ಹೆದ್ದಾರಿಗೆ ಅಂಥಾ ಗಸ್ತು ಯಾಕಿಲ್ಲ?

ಕೋಡಿಬಾಗ_ಕಾರವಾರ:
ನೀವೇ ಕೊಂಕಣ ರೈಲ್ವೆ ಹೆಸ್ರು ತೆಗೆದ್ರಿ, ಅದು ಆದದ್ದು ಹೇಗೆ? ಕೇಂದ್ರ 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಕೇರಳ ತಲಾ 6 ಪರ್ಸೆಂಟ್ ಪಾಲು ಹಾಕಿದ್ದಕ್ಕೆ. 1998ರಲ್ಲಿ ಪೂರ್ತಿ ಲೈನ್ ಓಪನ್ ಆಯ್ತು. ಅವತ್ತು ರಾಜ್ಯ ಪಾಲು ಹಾಕದಿದ್ರೆ ಇವತ್ತು ಕಾರವಾರದಿಂದ ಪಂಚಗಂಗಾ ರೈಲು ಹತ್ತಿ ಬೆಂಗಳೂರಿಗೆ ಹೋಗೋಕೆ ಆಗ್ತಿತ್ತಾ?

ಯಲ್ಲಾಪುರ_ಕಾಡು:
ತಮಾ, ಅದು ಕರಾವಳಿ ಉದ್ದಕ್ಕೆ ಹೋದ ಲೈನು. ನೀವು ಕೇಳ್ತಿರೋದು ಘಟ್ಟ ಸೀಳಿ ಇಳಿಯೋ ಲೈನು, ಲಕ್ಷಗಟ್ಟಲೆ ಮರ, ಆನೆ ಓಡಾಡೋ ಕಾಡು. ಶಿರೂರಲ್ಲಿ ಒಂದು ಗುಡ್ಡ ಕಡಿದದ್ದಕ್ಕೆ ಏನಾಯ್ತು ಅಂತ ಈಗಷ್ಟೇ ಓದಿದ್ವಿ. ಬೇಡ್ತಿ, ಕಾಳಿ ನದಿಗೆ ನೀರು ಕೊಡೋ ಕಾಡು ಹೋದ್ಮೇಲೆ ಯಾವ ಬಂದರಿಂದ ಅಭಿವೃದ್ಧಿ ಮಾಡ್ತೀರಿ?

ಸಿದ್ದಾಪುರ_ಟೀಚರ್:
ನಮ್ಮೂರ ಮಕ್ಕಳ ಬಗ್ಗೆ ಒಬ್ರೂ ಬರೀಲಿಲ್ಲ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. 2023 ಜೂನ್‌ನಿಂದ ಹೆಂಗಸ್ರಿಗೆ ಟಿಕೆಟ್ ಉಚಿತ, ಒಳ್ಳೇದೇ, ಬಸ್ಸು ತುಂಬಿ ಬರ್ತದೆ, ನಮ್ಮ ಸ್ಟಾಪಲ್ಲಿ ನಿಲ್ಲೋದಿಲ್ಲ. ಪಿಯುಸಿಗೆ ಸೇರಿದ ಹುಡುಗೀರು ಇದೇ ಕಾರಣಕ್ಕೆ ಕಾಲೇಜು ಬಿಟ್ಟದ್ದನ್ನ ಕಣ್ಣಾರೆ ಕಂಡಿದ್ದೇನೆ. ಓದೋಕೆ ಹೋಗೋಕೇ ಆಗದಿದ್ರೆ ನಿಮ್ಮ ಗೋದಾಮಲ್ಲಿ ಲೆಕ್ಕ ಬರೆಯೋರು ಯಾರು?

ತೋಟಿಗ_ಶಿರಸಿ:
ಅಕ್ಕೋರೆ, ನಿಮ್ಮದು ನೂರಕ್ಕೆ ನೂರು ನಿಜ. ಹತ್ತು ಬಸ್ಸು ಜಾಸ್ತಿ ಬಿಡೋಕೆ ಯಾವ ಅರಣ್ಯ ಕ್ಲಿಯರೆನ್ಸೂ ಬೇಡ, ಇದೇ ವರ್ಷ ಮಾಡ್ಬಹುದು.

ಕೋಡಿಬಾಗ_ಕಾರವಾರ:
ಬಸ್ಸು ಬರ್ಲಿ, ಗುಡ್ಡಕ್ಕೆ ಗಸ್ತೂ ಬರ್ಲಿ, ಒಪ್ತೇನೆ. ಆದ್ರೆ ರೈಲು ಬಿಡೋದಿಲ್ಲ. ಸುರಂಗ ಜಾಸ್ತಿ ಮಾಡಿ ಮರ ಉಳಿಸೋಕಾದ್ರೆ ಖರ್ಚು ಎಷ್ಟಾದ್ರೂ ಆ ದಾರೀಲೇ ಹೋಗ್ಲಿ.

ಸಿವಿಲ್_ಕುಮಟಾ:
ಸುರಂಗಕ್ಕೂ ಮೊದ್ಲು ಕಲ್ಲು ಮಣ್ಣು ಸರಿಯಾಗಿ ಪರೀಕ್ಷೆ ಆಗ್ಬೇಕು, ಅಗೆದ ಮಣ್ಣು ಎಲ್ಲಿ ಸುರೀತಾರೆ ಅದೂ ಬರೀಬೇಕು. ಅದಕ್ಕಿಂತ ಮೊದ್ಲು ಬರೋ ಮಳೆಗಾಲದೊಳಗೆ ಅರಬೈಲ್, ದೇವಿಮನೆ, ಶಿರೂರು ಮೂರೂ ಕಡೆ ಗುಡ್ಡದ ಮೇಲಿನ ಕಾಲುವೆ ಆಗ್ಲೇಬೇಕು, ಇದಕ್ಕಾದ್ರೂ ಎಲ್ಲರೂ ಸೇರಿ ಡೀಸಿ ಆಫೀಸಿಗೆ ಮನವಿ ಕೊಡೋಣ, ಡ್ರಾಫ್ಟ್ ನಾನು ಬರೀತೇನೆ.