ಯೋಬನ ಒಂಟೆಗಳು ಮತ್ತು ಬ್ಲೇಕ್‌ನ ಚಿತ್ರಗಳು

ಚಿಕ್ಕಮ್ಮ, ನಮಸ್ಕಾರ. ವಾಯ್ಸ್ ಮೆಸೇಜ್ ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಕೇಳಿ. ಬೈಬಲ್ ಕಥೆಗಳೆಲ್ಲ ನಮ್ಮ ಮನಸ್ಸಿನೊಳಗೇ ನಡೆಯುವಂಥವು, ಬೇಕಾದ್ದನ್ನು ಗಟ್ಟಿಯಾಗಿ ಕಲ್ಪಿಸಿಕೊಂಡರೆ ಒಂಟೆ, ಕುರಿ, ಮಕ್ಕಳು ಎಲ್ಲ ಕಳೆದುಕೊಂಡ ಬೈಬಲ್‌ನ ಯೋಬನಿಗೆ ಕೊನೆಗೆ ಸಿಕ್ಕ ಹಾಗೆ ಎರಡರಷ್ಟು ಸಿಗುತ್ತದೆ ಎನ್ನುವ ವಿಡಿಯೊವನ್ನು ಪುಟ್ಟ ನಮ್ಮ ಗ್ರೂಪಿಗೆ ಹಾಕಿದ. ದೇವದೂಷಣೆ, ಡಿಲೀಟ್ ಮಾಡು ಅಂದಿರಿ ನೀವು.

ಕಥೆಯನ್ನು ಸಂಕೇತವಾಗಿ ಓದುವುದು ನಿನ್ನೆ ಮೊನ್ನೆಯದಲ್ಲ ಚಿಕ್ಕಮ್ಮ. ಗಲಾತ್ಯದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಪೌಲನೇ ಅಬ್ರಹಾಮನ ಹೆಂಡತಿ ಸಾರಾ, ದಾಸಿ ಹಾಗರಳನ್ನು ಎರಡು ಒಡಂಬಡಿಕೆಗಳು ಎನ್ನುತ್ತಾನೆ. ಕ್ರೈಸ್ತ ಪಂಡಿತ ಒರಿಗೆನ್ 3ನೇ ಶತಮಾನದಲ್ಲೇ ಹೀಗೆ ಓದುತ್ತಿದ್ದ. ದೇವರೆಂದರೆ ನಮ್ಮ ಕಲ್ಪನೆಯಷ್ಟೇ ಅನ್ನುವುದು ನನಗೂ ಒಪ್ಪಿಗೆ ಇಲ್ಲ, ಆ ಮಾತು ಬೇರೆ.

ಪುಟ್ಟಾ, ವಿಡಿಯೊದವನು ನೆವಿಲ್ ಗಾಡರ್ಡ್ ಹೆಸರು ಹೇಳುತ್ತಾನೆ ಅಲ್ವಾ? 1905ರಲ್ಲಿ ಬಾರ್ಬಡೋಸ್‌ನಲ್ಲಿ ಹುಟ್ಟಿ, ಅಮೆರಿಕದಲ್ಲಿ ಉಪನ್ಯಾಸ ಕೊಡುತ್ತಿದ್ದವನು. ಅವನಿಗೆ ಇಂಗ್ಲಿಷ್ ಕವಿ, ಚಿತ್ರಕಾರ ವಿಲಿಯಂ ಬ್ಲೇಕ್ ಅಂದರೆ ಪ್ರಾಣ. ಆ ಬ್ಲೇಕ್ ಯೋಬನ ಕಥೆಯನ್ನು ತಾಮ್ರದ ತಗಡಿನಲ್ಲಿ ಕೊರೆದು 1826ರಲ್ಲಿ ಪ್ರಕಟಿಸಿದ. ನೆಟ್‌ನಲ್ಲಿ ಸಿಗುತ್ತದೆ, ದೊಡ್ಡದು ಮಾಡಿ ನೋಡು.

ಮೊದಲ ಚಿತ್ರದಲ್ಲಿ ಯೋಬ, ಹೆಂಡತಿ ತೊಡೆ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿದ್ದಾರೆ. ವಾದ್ಯಗಳೆಲ್ಲ ಮರಕ್ಕೆ ತೂಗು ಹಾಕಿವೆ, ಯಾರೂ ಮುಟ್ಟಿಲ್ಲ. ಕೊನೆಯದರಲ್ಲಿ ಅದೇ ಮರ, ಅದೇ ಕುರಿಗಳು. ಆದರೆ ಎಲ್ಲರೂ ಎದ್ದು ನಿಂತು ವಾದ್ಯ ನುಡಿಸುತ್ತಿದ್ದಾರೆ. ಇನ್ನೊಂದು ನೋಡು, ದೇವರ ಮುಖ ಥೇಟ್ ಯೋಬನ ಮುಖವೇ. 11ನೇ ಚಿತ್ರದಲ್ಲಂತೂ ಆ ದೇವರಿಗೆ ಹಾವು ಸುತ್ತಿಕೊಂಡಿದೆ, ಕಾಲಿಗೆ ಸೈತಾನನ ಹಾಗೆ ಸೀಳು ಗೊರಸು! ಯೋಬ ತನ್ನೊಳಗೆ ಸಾಕಿಕೊಂಡಿದ್ದ ದೇವರು ಎಂಥವನು ಅಂತ ಅವನಿಗೇ ಗೊತ್ತಾಗುವುದು ಅಲ್ಲಿ. ಒಳಗೆ ಬದಲಾಗುವುದು ಅಂದರೆ ನನಗೆ ಇದು. ಹೆದರಿಕೆಯ ಕೆಲಸ.

ಎರಡರಷ್ಟು ಸಿಕ್ಕಿದ್ದು ಯಾವಾಗ? ಯೋಬನ ಪುಸ್ತಕ 42:10 ತೆಗೆದು ಓದು. ಸ್ನೇಹಿತರಿಗೋಸ್ಕರ ಪ್ರಾರ್ಥಿಸಿದಾಗ. ಅದೂ ಎಂಥ ಸ್ನೇಹಿತರು, ಬೂದಿಯಲ್ಲಿ ಕೂತವನಿಗೆ ನೀನೇ ತಪ್ಪು ಮಾಡಿರಬೇಕು ಅಂತ ಬುದ್ಧಿ ಹೇಳಿದವರು. ನೆವಿಲ್ ಕೂಡ ಈ ವಾಕ್ಯ ಎತ್ತಿ ಹೇಳುತ್ತಿದ್ದ, ವಿಡಿಯೊದವನು ನುಂಗಿಬಿಟ್ಟಿದ್ದಾನೆ. ಬ್ಲೇಕ್‌ನ 18ನೇ ಚಿತ್ರ ಇದೇ. ಯೋಬ ನಮಗೆ ಬೆನ್ನು ಹಾಕಿ, ಕೈ ಚಾಚಿ ನಿಂತಿದ್ದಾನೆ. ಕೆಳಗೆ ಅಂಚಿನಲ್ಲಿ ಬ್ಲೇಕ್ ಬಣ್ಣದ ತಟ್ಟೆ, ಕುಂಚ ಬರೆದಿದ್ದಾನೆ. ಪಕ್ಕದಲ್ಲಿ ವೈರಿಗಳನ್ನು ಪ್ರೀತಿಸಿರಿ ಅನ್ನುವ ಮತ್ತಾಯನ ಸುವಾರ್ತೆಯ ವಾಕ್ಯ. ಕಲ್ಪನೆಯನ್ನು ಅವನು ಎಲ್ಲಿ ಇಟ್ಟ ನೋಡು.

ಸತ್ತ ಹತ್ತು ಮಕ್ಕಳು ವಾಪಸ್ ಬರಲಿಲ್ಲ, ಅದನ್ನೂ ವಿಡಿಯೊದಲ್ಲಿ ಹೇಳಿಲ್ಲ.

ಚಿತ್ರಗಳನ್ನು ಇಲ್ಲೇ ಕಳಿಸುತ್ತೇನೆ. ಚಿಕ್ಕಮ್ಮ, ವಿಡಿಯೊ ಇರಲಿ ಬಿಡಿ, ಪುಟ್ಟ ಮೊದಲು 42ನೇ ಅಧ್ಯಾಯ ಓದಲಿ.